ತಾಮ್ರದ ಮೇಲೆ 40 ಸ್ಟೌವರ್

ಹಳೇ ನಾಣ್ಯಗಳ ಹರಾಜಿಗೆ ಕ್ಯಾಟಲಾಗ್ ಬರೆಯುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಬ್ಬ ಸಂಗ್ರಾಹಕರ ಡಬ್ಬಿಯಲ್ಲಿ ಡಚ್ ತಾಮ್ರದ ನಾಣ್ಯವೊಂದು ಬಂತು. 1579ರದ್ದು. ಅದರ ವಿವರ ಬರೆಯಲು ಹತ್ತು ನಿಮಿಷ ಸಾಕಾಯಿತು. ಆ ಹತ್ತು ನಿಮಿಷದಲ್ಲಿ ಮೂರು ತಪ್ಪು ಮಾಡಿದ್ದೆ.

ಅಂಚಿನ ಲ್ಯಾಟಿನ್ ಬರಹ ‘ಟ್ರಾಯೆಕ್ಟೋ’ ಎಂದು ಶುರುವಾಗುತ್ತಿತ್ತು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಡುಯಿಟ್ ಎಂಬ ತಾಮ್ರದ ಚಿಲ್ಲರೆ ನಾಣ್ಯಗಳು ನಮ್ಮ ಮೇಜಿಗೆ ಸೇರುಗಟ್ಟಲೆ ಬರುತ್ತವೆ, ಅವುಗಳಲ್ಲಿ ಉಟ್ರೆಕ್ಟ್ ಲಾಂಛನ ನೋಡಿ ನೋಡಿ ಕಣ್ಣು ಪಳಗಿತ್ತು. ಟ್ರಾಯೆಕ್ಟಮ್ ಅಂದರೆ ಉಟ್ರೆಕ್ಟ್ ಊರಿನ ಲ್ಯಾಟಿನ್ ಹೆಸರು, ಮುಗೀತು. ಆಮೇಲೆ ಬೆಲೆ: 40 ಸ್ಟೌವರ್. ಡಚ್ ಹಣದ ಲೆಕ್ಕದಲ್ಲಿ 20 ಸ್ಟೌವರ್‌ಗೆ ಒಂದು ಗಿಲ್ಡರ್, ಅಂದರೆ ಇದು ಎರಡು ಗಿಲ್ಡರ್. ಅಷ್ಟು ಬೆಲೆಗೆ ಬೆಳ್ಳಿ ಇರಬೇಕು, ಇಲ್ಲಿರುವುದು ಬರೀ ತಾಮ್ರ. ‘ಬೆಳ್ಳಿ ಲೇಪ ಹೋದ ಖೋಟಾ ನಾಣ್ಯ’ ಎಂದು ಧೈರ್ಯವಾಗಿ ಟೈಪ್ ಮಾಡಿದೆ.

ಕರಡು ನೋಡಿದ ಹಿರಿಯ ಸಹೋದ್ಯೋಗಿ ಬೈಯಲಿಲ್ಲ. ಭೂತಗನ್ನಡಿಯನ್ನು ನನ್ನತ್ತ ತಳ್ಳಿ, “ಪೂರ್ತಿ ಓದಿದೆಯಾ?” ಅಂದರು. ಓದಿರಲಿಲ್ಲ. ‘ಟ್ರಾಯೆಕ್ಟೋ ಅಬ್ ಹಿಸ್ಪಾನಿಸ್ ಒಬ್ಸೆಸ್ಸೋ’ ಎಂದಿತ್ತು. ಸ್ಪೇನಿನವರು ಟ್ರಾಯೆಕ್ಟಮ್‌ಗೆ ಮುತ್ತಿಗೆ ಹಾಕಿರುವಾಗ ಎಂದರ್ಥ. ನಡುವೆ ಐದು ಮೂಲೆಯ ನಕ್ಷತ್ರ. ಆ ಹೆಸರಿನ ಊರು ಎರಡಿವೆ: ರೈನ್ ನದಿಯದ್ದು ಉಟ್ರೆಕ್ಟ್, ಮಾಸ್ ನದಿಯದ್ದು ಮಾಸ್ಟ್ರಿಕ್ಟ್. ನಕ್ಷತ್ರ ಮಾಸ್ಟ್ರಿಕ್ಟಿನ ಗುರುತು.

1579ರ ಮಾರ್ಚ್‌ನಲ್ಲಿ ಸ್ಪೇನಿನ ಸೇನಾಪತಿ, ಪಾರ್ಮಾದ ಅಲೆಸ್ಸಾಂಡ್ರೋ ಫಾರ್ನೇಸೆಯ ಸೇನೆ ಆ ಊರನ್ನು ಸುತ್ತುವರಿಯಿತು. ಅವರು ಕೋಟೆಗೋಡೆಯಡಿ ಸುರಂಗ ತೋಡಿದರೆ, ಊರಿನವರು ಒಳಗಿನಿಂದ ಎದುರು ಸುರಂಗ ತೋಡಿದರು. ಮುತ್ತಿಗೆ ಬಿದ್ದ ಊರಿನಲ್ಲಿ ಬೆಳ್ಳಿ ಹೊರಗಿನಿಂದ ಬರುವುದು ನಿಲ್ಲುತ್ತದೆ, ಸೈನಿಕರ ಸಂಬಳ ನಿಲ್ಲುವುದಿಲ್ಲ. ಹಾಗಾಗಿ ನಗರ ತಾಮ್ರದ ಮೇಲೇ ಬೆಳ್ಳಿಯ ಬೆಲೆ ಒತ್ತಿತು. ಅದಕ್ಕೂ ಐದು ವರ್ಷ ಮೊದಲು ಸ್ಪೇನಿನವರ ಇಂಥದೇ ಮುತ್ತಿಗೆಗೆ ಸಿಕ್ಕ ಲೈಡನ್ ನಗರ ಕಾಗದದ ನಾಣ್ಯವನ್ನೇ ಮಾಡಿತ್ತು, ಅದರ ಮುಂದೆ ತಾಮ್ರ ಎಷ್ಟೋ ವಾಸಿ! ನಾನು ಖೋಟಾ ಎಂದು ಬರೆದದ್ದು ಒಂದು ಊರು ತನ್ನ ಜನಕ್ಕೆ ಕೊಟ್ಟ ಸಾಲಪತ್ರ. ಲೈಡನ್ ಉಳಿಯಿತು. ಮಾಸ್ಟ್ರಿಕ್ಟ್ ಜೂನ್ ಕೊನೆಗೆ ಬಿತ್ತು, ಲೂಟಿಯಾಯಿತು. ಆಮೇಲೆ ಆ 40 ಸ್ಟೌವರ್ ಯಾರನ್ನು ಕೇಳುವುದು?

ಈಗಲೂ ನಾನು ತೂಕ, ಲೋಹ ಯಾವುದನ್ನೂ ಬರೆಯುವ ಮೊದಲು ಅಂಚನ್ನು ಒಂದು ಸುತ್ತು ಪೂರ್ತಿ ಓದುತ್ತೇನೆ. ಅದರಿಂದ ದಿನಕ್ಕೆ ನಾಲ್ಕೈದು ನಾಣ್ಯ ಕಡಿಮೆಯಾಗುತ್ತವೆ. ಮ್ಯಾನೇಜರ್ ಗೊಣಗುತ್ತಾರೆ, ಗೊಣಗಲಿ.

ಮೂರನೇ ತಪ್ಪು ಹೇಳಲಿಲ್ಲ ಅಲ್ಲವೇ. ನಮ್ಮ ಸಾಫ್ಟ್‌ವೇರಿನಲ್ಲಿ ‘ಹೊರಡಿಸಿದ ದೊರೆ’ ಎಂಬ ಖಾನೆ ಖಾಲಿ ಬಿಡುವ ಹಾಗಿಲ್ಲ. ಆ ಕಾಲದ ಡಚ್ ನಾಣ್ಯ ಅಂದಮೇಲೆ ಅಭ್ಯಾಸಬಲದಿಂದ ಆಗ ಆ ನಾಡಿಗೂ ದೊರೆಯಾಗಿದ್ದ ಸ್ಪೇನಿನ ಎರಡನೇ ಫಿಲಿಪ್ ಹೆಸರು ಆರಿಸಿದ್ದೆ. ಕೋಟೆಯ ಹೊರಗೆ ಫಿರಂಗಿ ಹೂಡಿ ನಿಂತಿದ್ದದ್ದು ಅವನದೇ ಸೇನೆ.