ವಯಸ್ಸು ಚಿಕ್ಕದು ಅಂತ ಪ್ರಮೋಷನ್ ತಪ್ಪಿಸಿದ್ರೆ ಕೇಸ್ ಹಾಕಬಹುದಾ?

ತಿಂಗಳಿಗೆ ಒಂದ್ಸಲನಾದ್ರೂ ಯಾರಾದ್ರೂ ನನಗೆ ಈ ಪ್ರಶ್ನೆ ಕೇಳ್ತಾರೆ, ಹೆಚ್ಚಾಗಿ ರಾತ್ರಿ ಊಟ ಆದ್ಮೇಲೆ ಫೋನ್ ಬರುತ್ತೆ. "ಸಾರ್, ನನಗೆ 27, ಸೆಕ್ಷನ್ನಲ್ಲಿ ಅರ್ಧ ಕೆಲಸ ನಾನೇ ಎಳೀತೀನಿ, ಪ್ರಮೋಷನ್ ಮಾತ್ರ ದೊಡ್ಡೋರಿಗೆ, ಕೇಳಿದ್ರೆ ಸೀನಿಯಾರಿಟಿ ಅಂತಾರೆ, ಇದು ವಯಸ್ಸಿನ ತಾರತಮ್ಯ ಅಲ್ವಾ?" ಪೀಣ್ಯದ ಒಂದು ಕಾರ್ಖಾನೆಯಲ್ಲಿ 17 ವರ್ಷ ಇದ್ದೆ, ಅದ್ರಲ್ಲಿ ಒಂಬತ್ತು ವರ್ಷ ಯೂನಿಯನ್ ಕೆಲಸ ನೋಡ್ಕೊಂಡೆ, ಅದಕ್ಕೇ ಜನ ನನ್ನ ಕೇಳೋದು.

ಬರೀ ವಯಸ್ಸಿನ ಮೇಲೆ ಕೇಸ್ ನಿಲ್ಸೋದು ನಮ್ಮ ದೇಶದಲ್ಲಿ ತುಂಬಾ ಕಷ್ಟ. ಸಂವಿಧಾನದ 16(2)ನೇ ವಿಧಿ ಸರ್ಕಾರಿ ಕೆಲಸದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಊರು, ವಾಸದ ಜಾಗ ಇವುಗಳ ಮೇಲೆ ಭೇದ ಮಾಡಬಾರ್ದು ಅನ್ನುತ್ತೆ, ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಸರ್ಕಾರಿ ನೌಕರರು, ಇಲಾಖೆ ಮನಬಂದಂಗೆ ಮಾಡಿದೆ ಅಂತ ಸಮಾನತೆಯ 14ನೇ ವಿಧಿ ಹಿಡ್ಕೊಂಡು ಕೋರ್ಟಿಗೆ ಹೋಗಬಹುದು, ಪ್ರೈವೇಟ್ನೋರಿಗೆ ಅದೂ ಕೈಗೆ ಸಿಗಲ್ಲ.

ಆದ್ರೆ ಇಲ್ಲಿಗೇ ಕೈಚೆಲ್ಲಿ ಕೂರಬೇಡಿ, ಮೊದಲು ಒಂದು ವಿಷಯ ವಿಚಾರಿಸಿ, ನಿಮಗೆ ಹೇಳ್ತಿರೋದು ನಿಜವಾಗ್ಲೂ ಸೀನಿಯಾರಿಟಿನಾ? ಸೀನಿಯಾರಿಟಿ ಲೆಕ್ಕ ಶುರುವಾಗೋದು ಆ ಹುದ್ದೆಗೆ, ಆ ಕೇಡರ್‌ಗೆ (ಒಂದೇ ದರ್ಜೆ ಹುದ್ದೆಗಳ ಗುಂಪಿಗೆ) ಬಂದ ತಾರೀಕಿಂದ, ಹುಟ್ಟಿದ ತಾರೀಕಿಂದ ಅಲ್ಲ. 20ಕ್ಕೆ ಸೇರಿ ಈಗ 30 ಆಗಿರೋನು, ಹೋದ ವರ್ಷ ಸೇರಿದ 45ರೋರಿಗಿಂತ ಸೀನಿಯರ್.

ಇದು ಗೊತ್ತಿಲ್ದೇ ನಾನೇ ಏಟು ತಿಂದಿದ್ದೀನಿ. 2009ರಲ್ಲಿ ಲೈನ್ ಸೂಪರ್ವೈಸರ್ ಜಾಗ ಖಾಲಿ ಆಯ್ತು, ನನಗಾಗ 26. ಮ್ಯಾನೇಜರ್ ಕರೆದು ಹೆಗಲ ಮೇಲೆ ಕೈ ಹಾಕಿ "ನೀನಿನ್ನೂ ಹುಡುಗ ಕಣಪ್ಪಾ, ಅವ್ರು ಸೀನಿಯರ್ರು, ವಯಸ್ಸಾದೋರು ನಿನ್ನ ಮಾತು ಎಲ್ಲಿ ಕೇಳ್ತಾರೆ" ಅಂದ್ರು. ಆ ಜಾಗಕ್ಕೆ ಬಂದೋರು ವಯಸ್ಸಲ್ಲಿ ನನಗಿಂತ 14 ವರ್ಷ ದೊಡ್ಡೋರು ನಿಜ, ಆದ್ರೆ ಕಾರ್ಖಾನೆಗೆ ಸೇರಿದ್ದು ನಾನು ಸೇರಿ ಎರಡು ವರ್ಷ ಆದ್ಮೇಲೆ! ಬಿಳಿ ಕೂದಲಿಗೆ ಸೀನಿಯಾರಿಟಿ ಅಂತ ಹೆಸರಿಟ್ಟಿದ್ರು, ನಾನು ತಲೆಯಾಡ್ಸಿ ಮಷಿನ್ ಹತ್ರ ವಾಪಸ್ ಹೋದೆ, ಲಿಸ್ಟ್ ತೋರಿಸಿ ಅಂತ ಕೇಳೋಕೂ ನನಗೆ ತೋಚ್ಲಿಲ್ಲ.

ಹಂಗಂತ ನಾನು ಸೀನಿಯಾರಿಟಿ ವಿರೋಧಿ ಅಲ್ಲ. 2013ರಲ್ಲಿ 22 ಜನರನ್ನ ತೆಗೀತೀವಿ ಅಂತ ಮ್ಯಾನೇಜ್ಮೆಂಟ್ ಹೇಳ್ತು, ಸಂಬಳ ಜಾಸ್ತಿ ಅಂತ ಹಳಬರ ಮೇಲೇ ಅವ್ರ ಕಣ್ಣಿದ್ದಿದ್ದು. 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಜಿ ಸೆಕ್ಷನ್ ಪ್ರಕಾರ ಆ ವರ್ಗದ ಕೆಲಸಕ್ಕೆ ಕೊನೆಗೆ ಬಂದೋರು ಮೊದಲು ಹೋಗಬೇಕಿತ್ತು, ಬೇರೆ ಥರ ಮಾಡೋದಾದ್ರೆ ಕಾರಣ ಬರೆದಿಡಬೇಕಿತ್ತು, ನಾವು ಅದನ್ನೇ ಹಿಡ್ಕೊಂಡು ಕೂತು ಲಿಸ್ಟ್ ನೋಟಿಸ್ ಬೋರ್ಡಿಗೆ ಹಾಕಿಸಿದ್ವಿ. ಹಳಬರು ಉಳಿದ್ರು. ಹೋದ 22ರಲ್ಲಿ ನಾನೇ ಕೆಲಸ ಕಲಿಸಿದ ಹುಡುಗ ಒಬ್ಬ ಇದ್ದ, ಗೇಟ್ ಹತ್ರ ನಿಂತು "ಅಣ್ಣಾ, ಯೂನಿಯನ್ ಚಂದಾ ನಾನೂ ಕೊಟ್ಟಿದ್ದೀನಲ್ಲ" ಅಂದ. ಏನು ಹೇಳಬೇಕೋ ಗೊತ್ತಾಗ್ಲಿಲ್ಲ. ಅದೇ ಕಾಯ್ದೆಯ 25ಹೆಚ್‌ನಲ್ಲಿ, ಮತ್ತೆ ಜನ ತಗೊಳ್ಳೋವಾಗ ತೆಗೆದೋರಿಗೆ ಮೊದಲ ಅವಕಾಶ ಕೊಡಬೇಕು ಅಂತಿತ್ತು, ಎಂಟು ತಿಂಗಳು ಅದರ ಹಿಂದೆ ಬಿದ್ದು ಅವನನ್ನೂ ಇನ್ನೂ ಆರು ಜನರನ್ನೂ ವಾಪಸ್ ಕರೆಸಿದ್ವಿ. (ಆ ಕಾಯ್ದೆ ಜಾಗಕ್ಕೆ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿ, ಕೊನೆಗೆ ಬಂದೋರು ಮೊದಲು ಅನ್ನೋ ನಿಯಮ ಅದ್ರಲ್ಲೂ ಇದೆ.) ಚಿಕ್ಕೋರಿಗೆ ನೋವಾಗುತ್ತೆ ಅಂತ ಗೊತ್ತಿದ್ರೂ ಇವತ್ತು ಅದೇ ಪರಿಸ್ಥಿತಿ ಬಂದ್ರೆ ನಾನು ಇದನ್ನೇ ಮಾಡ್ತೀನಿ, ಯಾಕಂದ್ರೆ ಲಿಸ್ಟ್ ಇಲ್ದಿದ್ರೆ ಯಾರು ಹೋಗಬೇಕು ಅನ್ನೋದು ಮ್ಯಾನೇಜರ್ ಮನಸ್ಸಿಗೆ ಬಿಟ್ಟಂಗಾಗುತ್ತೆ.

ಪ್ರಮೋಷನ್ ಕಥೆ ಬೇರೆ. ಸರ್ಕಾರಿ ಕಡೆ ಜ್ಯೇಷ್ಠತೆ-ಕಮ್-ಅರ್ಹತೆ, ಅಂದ್ರೆ ಸೀನಿಯಾರಿಟಿ ಜೊತೆ ಅರ್ಹತೆನೂ ನೋಡೋದು, ಅಂತ ಒಂದು ಪದ್ಧತಿ ಇದೆ, ಅದರ ಬಗ್ಗೆ ನಮ್ಮ ರಾಜ್ಯದ್ದೇ ಒಂದು ಕೇಸು 1968ರಲ್ಲಿ ಸುಪ್ರೀಂ ಕೋರ್ಟಿಂದ ತೀರ್ಮಾನ ಆಯ್ತು, ಸ್ಟೇಟ್ ಆಫ್ ಮೈಸೂರ್ ವರ್ಸಸ್ ಸೈಯದ್ ಮಹಮೂದ್. ಬರೀ ಸೀನಿಯರ್ ಅನ್ನೋದ್ರಿಂದಲೇ ಬಡ್ತಿ ಹಕ್ಕಾಗಲ್ಲ, ಮೇಲಿನ ಹುದ್ದೆಗೆ ಅವ್ರು ತಕ್ಕೋರಲ್ಲ ಅಂತಾದ್ರೆ ಅವ್ರನ್ನ ದಾಟಿ ಜೂನಿಯರ್‌ಗೆ ಕೊಡಬಹುದು, ಆದ್ರೆ ಸೀನಿಯರನ್ನ ಪರಿಗಣಿಸದೇ ಬಿಡೋ ಹಂಗಿಲ್ಲ. ಇನ್ನೊಂದು ಕಡೆ, ಗ್ರಾಮೀಣ ಬ್ಯಾಂಕುಗಳ ವಿಷಯದಲ್ಲಿ 1998ರಲ್ಲಿ ಬಂದ ತೀರ್ಪು ಚಿಕ್ಕೋರಿಗೆ ಸ್ವಲ್ಪ ಕಹಿ, ಬೇಕಾದ ಕನಿಷ್ಠ ಅರ್ಹತೆ ಸೀನಿಯರ್‌ಗೆ ಇದ್ರೆ ಸಾಕು, ಅವ್ರಿಗಿಂತ ನೀವು ಜಾಣರಾಗಿದ್ರೂ ಮೊದಲು ಅವ್ರಿಗೇ. ಹಂಗಾಗಿ ನಿಮ್ಮ ಹುದ್ದೆಯ ನೇಮಕಾತಿ ನಿಯಮದಲ್ಲಿ ಯಾವ ಪದ್ಧತಿ ಬರೆದಿದೆ ಅಂತ ಓದದೇ ಜಗಳಕ್ಕೆ ಇಳೀಬೇಡಿ.

ಜರ್ಮನಿಯಲ್ಲಿರೋ ನನ್ನ ಅಕ್ಕನ ಮಗ ಒಂದ್ಸಲ ಹೇಳ್ದ, ಅಲ್ಲಿ 25 ವರ್ಷಕ್ಕೆ ಮುಂಚೆ ಮಾಡಿದ ಸರ್ವೀಸನ್ನ ನೋಟಿಸ್ ಅವಧಿಯ ಲೆಕ್ಕಕ್ಕೇ ತಗೊಳ್ತಿರ್ಲಿಲ್ಲವಂತೆ. 18ಕ್ಕೆ ಕೆಲಸಕ್ಕೆ ಸೇರಿದ ಹೆಣ್ಣುಮಗಳೊಬ್ಬಳನ್ನ ಹತ್ತು ವರ್ಷ ಆದ್ಮೇಲೆ ತೆಗೆದಾಗ ಬರೀ ಮೂರು ವರ್ಷದ ಲೆಕ್ಕದಲ್ಲಿ ನೋಟಿಸ್ ಕೊಟ್ರು, ನಾಲ್ಕು ತಿಂಗಳು ಸಿಗಬೇಕಾದ ಕಡೆ ಒಂದು ತಿಂಗಳು. 2010ರಲ್ಲಿ ಯುರೋಪಿನ ನ್ಯಾಯಾಲಯ ಇದು ವಯಸ್ಸಿನ ತಾರತಮ್ಯ ಅಂತ ತೀರ್ಪು ಕೊಡ್ತು. ಅಮೆರಿಕದಲ್ಲಿರೋರೂ ಕೇಳ್ತಾರೆ, ಕೆಲಸದಲ್ಲಿ ವಯಸ್ಸಿನ ತಾರತಮ್ಯ ತಡೆಯೋ ಅಲ್ಲಿನ 1967ರ ಕಾಯ್ದೆ ಕಾಪಾಡೋದು 40 ತುಂಬಿದೋರನ್ನ, ದೊಡ್ಡೋರಿಗೆ ಹೆಚ್ಚು ಕೊಟ್ರೆ ಆ ಕಾಯ್ದೆಯಡಿ ತಪ್ಪಲ್ಲ ಅಂತ 2004ರಲ್ಲಿ ಅವ್ರ ಸುಪ್ರೀಂ ಕೋರ್ಟೇ ಹೇಳಿದೆ.

ನಮ್ಮಲ್ಲಿ ಏನ್ ಮಾಡೋದು ಅಂದ್ರೆ, ಸರ್ಕಾರಿ ನೌಕರರು ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಬಂದ ತಕ್ಷಣ ನಿಮ್ಮ ಹೆಸರು, ಸೇರಿದ ತಾರೀಕು ನೋಡಿ ಗಡುವಿನೊಳಗೆ ಲಿಖಿತವಾಗಿ ಆಕ್ಷೇಪಣೆ ಹಾಕಿ. ಕೆಎಟಿಗೆ (ಸರ್ಕಾರಿ ನೌಕರರ ಸೇವಾ ವಿವಾದ ನೋಡೋ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ) ಹೋಗೋದಕ್ಕೆ ಅಂತಿಮ ಆದೇಶದಿಂದ ಸಾಮಾನ್ಯವಾಗಿ ಒಂದೇ ವರ್ಷ ಟೈಮು, ಸುಮ್ನಿದ್ದು ಆಮೇಲೆ ಹೋದ್ರೆ ಕೋರ್ಟುಗಳು ಹಳೇ ಪಟ್ಟಿ ಕದಲಿಸೋಕೆ ಒಪ್ಪಲ್ಲ. ಕಾರ್ಖಾನೆ ಕಾರ್ಮಿಕರಿಗೆ ಇನ್ನೊಂದು ದಾರಿ ಇದೆ, ಯೋಗ್ಯತೆ ನೋಡದೇ ಒಂದು ಗುಂಪಿನೋರಿಗೆ ಪಕ್ಷಪಾತ ಮಾಡೋದನ್ನ ಕಾನೂನು ಅನುಚಿತ ಕಾರ್ಮಿಕ ಪದ್ಧತಿ ಅಂತ ಕರೆಯುತ್ತೆ. ಐಟಿ ಹುಡುಗರಿಗೆ ಪ್ರಮೋಷನ್ ವಿಷಯದಲ್ಲಿ ಕಂಪನಿಯ ಸ್ವಂತ ಪಾಲಿಸಿ ಬಿಟ್ರೆ ಹಿಡಿಯೋಕೆ ಹೆಚ್ಚೇನೂ ಇಲ್ಲ, ಅದಕ್ಕೇ ಆ ಪಾಲಿಸಿನ ಬರವಣಿಗೆಯಲ್ಲಿ ಕೇಳಿ ಇಸ್ಕೊಳ್ಳಿ.

ಹೋದ ವಾರ ಫೋನ್ ಮಾಡಿದ ಹುಡುಗಿಗೆ 29, ಆರು ವರ್ಷ ಸರ್ವೀಸು, "ನಿಂಗಿನ್ನೂ ವಯಸ್ಸಿದೆಯಲ್ಲಮ್ಮ" ಅಂದು ಕಳಿಸಿದ್ರಂತೆ. ನಾವಿಬ್ರೂ ಕೂತು ಎರಡೇ ಸಾಲಿನ ಈಮೇಲ್ ಬರೆದ್ವಿ, ಸೀನಿಯಾರಿಟಿ ಲಿಸ್ಟ್ ಕೊಡಿ, ಯಾವ ನಿಯಮದ ಮೇಲೆ ಈ ಪ್ರಮೋಷನ್ ಮಾಡಿದ್ರಿ ತಿಳಿಸಿ ಅಂತ. ಉತ್ತರ ಇನ್ನೂ ಬಂದಿಲ್ಲ, ಸೋಮವಾರ ಅವಳು ಅದನ್ನೇ ಮತ್ತೆ ಕಳಿಸ್ತಾಳೆ.