ಎರಡನೇ ಮೈಕೇ ನಿಮ್ಮ ಈಕ್ಯೂ

ಗಿಟಾರ್ ಆಂಪ್ ಮುಂದೆ ಒಂದರ ಬದಲು ಎರಡು ಮೈಕ್ ಇಟ್ಟರೆ ಸದ್ದು ದಪ್ಪಗಾಗಬೇಕು ತಾನೇ? ಎಷ್ಟೋ ಸಲ ಉಲ್ಟಾ ಆಗುತ್ತದೆ. ಬೇರೆ ಬೇರೆ ಕೇಳಿದಾಗ ಚೆನ್ನಾಗೇ ಇರುವ ಎರಡು ಟ್ರ್ಯಾಕ್‌ಗಳು ಒಟ್ಟಿಗೆ ಸೇರಿದ ಕೂಡಲೇ ಪೀಚಲಾಗಿಬಿಡುತ್ತವೆ.

ಕಾರಣ ದೂರ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಒಂದು ಮೈಕ್ ಇನ್ನೊಂದಕ್ಕಿಂತ 3.4 ಸೆಂಟಿಮೀಟರ್ ಹಿಂದಿದ್ದರೆ ಅಲ್ಲಿಗೆ ಸದ್ದು 0.1 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ, ಅಷ್ಟಕ್ಕೇ 5,000 ಹರ್ಟ್ಸ್ ಹತ್ತಿರ ಎರಡೂ ಅಲೆಗಳು ಒಂದನ್ನೊಂದು ಹೊಡೆದುಹಾಕಿ ಅಲ್ಲೊಂದು ಗುಂಡಿ ಬೀಳುತ್ತದೆ. ದೂರ ಎರಡರಷ್ಟಾದರೆ ಗುಂಡಿ 2,500ಕ್ಕೆ ಇಳಿಯುತ್ತದೆ. ಡಿಸ್ಟಾರ್ಷನ್ ಹಾಕಿದ ಗಿಟಾರಿನ ಖಾರವೆಲ್ಲ ಇರುವುದು ಆ ಆಸುಪಾಸಿನಲ್ಲೇ ಅಲ್ವಾ?

ಪೊಲಾರಿಟಿ ಬಟನ್ ಒತ್ತಿದರೆ ಈ ತಡ ಸರಿಹೋಗುವುದಿಲ್ಲ. ಅದು ಅಲೆಯನ್ನು ತಲೆಕೆಳಗು ಮಾಡುತ್ತದೆ ಅಷ್ಟೇ. ಗುಂಡಿ ಇದ್ದಲ್ಲಿ ಗುಡ್ಡ, ಗುಡ್ಡ ಇದ್ದಲ್ಲಿ ಗುಂಡಿ.

ಕೆಲವರು ರೆಕಾರ್ಡ್ ಆದಮೇಲೆ ಸ್ಕ್ರೀನಿನಲ್ಲಿ ಜೂಮ್ ಮಾಡಿ ಎರಡೂ ಅಲೆಗಳನ್ನು ಕರೆಕ್ಟಾಗಿ ಕೂರಿಸುತ್ತಾರೆ. ನೋಡೋಕೆ ಚೆಂದ. ಆದರೆ ಆ ಗುಂಡಿಯನ್ನು ನಮಗೆ ಬೇಕಾದ ಕಡೆ ಬೀಳಿಸಿದರೆ ಅದೇ ಒಂದು ಈಕ್ಯೂ (ಸದ್ದಿನಲ್ಲಿ ಬೇಕಾದ ಆವರ್ತನಗಳನ್ನು ಏರಿಸಿ ಇಳಿಸುವ ಸಾಧನ), ಅದನ್ನು ಸುಮ್ನೆ ಯಾಕೆ ಕಳೆದುಕೊಳ್ಳಬೇಕು?

ನಾನು ಮೊದಲು ಒಂದು ಶೂರ್ ಎಸ್‌ಎಂ57 ಮೈಕ್ ಅನ್ನು ಸ್ಪೀಕರಿನ ಡಸ್ಟ್ ಕ್ಯಾಪ್ (ನಡುವಿನ ದುಂಡನೆ ಮುಚ್ಚಳ) ಅಂಚಿಗೆ ನೇರವಾಗಿ ಇಟ್ಟು, ಪಕ್ಕದಲ್ಲಿ ರಿಬ್ಬನ್ ಮೈಕ್ (ತೆಳು ಲೋಹದ ಪಟ್ಟಿಯಿಂದ ಸದ್ದು ಹಿಡಿಯುವ ಮೈಕ್) ನಿಲ್ಲಿಸುತ್ತೇನೆ. ಗಿಟಾರ್ ಮುಟ್ಟದೆ ಆಂಪ್‌ನ ಗೇನ್ ಜಾಸ್ತಿ ಮಾಡಿದರೆ ಸುಯ್ ಅಂತ ಹಿಸ್ ಬರುತ್ತದಲ್ಲ, ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಕೇಳಿ. ಎರಡೂ ಮೈಕ್‌ಗಳ ಲೆವೆಲ್ ಸಮ ಮಾಡಿ, ರಿಬ್ಬನ್ನಿನ ಪೊಲಾರಿಟಿ ತಿರುಗಿಸಿ, ಅದನ್ನು ನಿಧಾನಕ್ಕೆ ಹಿಂದೆ ಮುಂದೆ ಸರಿಸುತ್ತಾ ಹೋದರೆ ಹಿಸ್‌ನ ಬಣ್ಣ ಬದಲಾಗುತ್ತಾ ಒಂದು ಕಡೆ ಸದ್ದು ತೀರಾ ಸೊರಗುತ್ತದೆ. ಅಲ್ಲೇ ಸ್ಟ್ಯಾಂಡ್ ಬಿಗಿ ಮಾಡಿ, ಪೊಲಾರಿಟಿ ವಾಪಸ್ ತಿರುಗಿಸಿ. ಗಿಟಾರ್ ಮೈತುಂಬಿ ಕೇಳಿಸುತ್ತದೆ. ಅಲ್ಲಿಂದ ಒಂದೆರಡು ಸೆಂಟಿಮೀಟರ್ ಹಿಂದಕ್ಕೆ ತಂದು ನೋಡಿ, ಮೇಲಿನ ಕರಕರ ಎಷ್ಟು ಬೇಕೋ ಅಷ್ಟೇ ಉಳಿಸಿಕೊಳ್ಳಬಹುದು.

ಫೇಡರ್ (ಲೆವೆಲ್ ಏರಿಸಿ ಇಳಿಸುವ ಹಿಡಿಕೆ) ಕೂಡ ಕೆಲಸಕ್ಕೆ ಬರುತ್ತದೆ. ಎರಡನೇ ಮೈಕ್ 10 ಡಿಬಿ (ಡೆಸಿಬೆಲ್) ಕಮ್ಮಿ ಇದ್ದರೆ ಗುಂಡಿಯ ಆಳ 3 ಡಿಬಿ ಆಸುಪಾಸು ಮಾತ್ರ.

ಹಿಂಬದಿ ತೆರೆದಿರುವ ಕ್ಯಾಬಿನೆಟ್ಟಿನ ಬೆನ್ನಿಗೆ ಮೈಕ್ ಇಟ್ಟರೆ ಪೊಲಾರಿಟಿ ತಿರುಗಿಸಲೇಬೇಕಾಗುತ್ತದೆ, ಯಾಕಂದರೆ ಸ್ಪೀಕರಿನ ಕೋನ್ ಮುಂದಕ್ಕೆ ತಳ್ಳುವಾಗ ಹಿಂದೆ ಗಾಳಿಯನ್ನು ಎಳೆಯುತ್ತಿರುತ್ತದೆ. ಮತ್ತೆ ಇದನ್ನೆಲ್ಲ ಮೊನೊದಲ್ಲೇ (ಎರಡೂ ಮೈಕ್ ಒಂದೇ ಚಾನೆಲ್‌ನಲ್ಲಿ ಸೇರಿಸಿ) ಕೇಳಿ ತೀರ್ಮಾನಿಸಿ. ಎಡ ಬಲಕ್ಕೆ ಪ್ಯಾನ್ ಮಾಡಿದರೆ ಎಂಥಾ ಎಡವಟ್ಟೂ ಭಾರಿ ಸ್ಟೀರಿಯೋ ಅನಿಸುತ್ತದೆ.