ಮೂತಿಯ ಒಂದೇ ಬದಿಯ ಹಕ್ಕಳೆ

ಕಾಫಿ ತೋಟದ ನಾಯಿ ಕಾಳನ ಮೂತಿಯ ಬಲಬದಿಯಲ್ಲಿ ಕೂದಲು ಉದುರಿ, ಕೀವುಗುಳ್ಳೆಗಳೆದ್ದು, ದಪ್ಪ ಹಕ್ಕಳೆ ಕಟ್ಟಿತ್ತು. ಮೂರು ವಾರ ಆ್ಯಂಟಿಬಯಾಟಿಕ್ ಕೊಟ್ಟರೂ ಕಡಿಮೆಯಾಗಲಿಲ್ಲ. ಗುಳ್ಳೆಯ ಕೀವನ್ನು ಗಾಜಿನ ಪಟ್ಟಿಗೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬ್ಯಾಕ್ಟೀರಿಯಾ ಕಾಣಲಿಲ್ಲ. ಕೀವಿನ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ನಡುವೆ, ಒಂದರಿಂದೊಂದು ಕಳಚಿಕೊಂಡು ದುಂಡಗಾದ ಚರ್ಮಕೋಶಗಳು ರಾಶಿಯಾಗಿದ್ದವು. ಅದು ಪೆಂಫಿಗಸ್ ಫೋಲಿಯೇಶಿಯಸ್‌ನ ಚಿತ್ರ. ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಚರ್ಮದ ಮೇಲೆ ತಿರುಗಿಬೀಳುವ ಕಾಯಿಲೆ. ಕೆಲವು ಶಿಲೀಂಧ್ರಗಳನ್ನು ಹಸಿರಾಗಿ ಹೊಳೆಯಿಸುವ ನೇರಳಾತೀತ ದೀಪವಾದ ವುಡ್ಸ್ ದೀಪ ಹಿಡಿದೆ, ಹಸಿರು ಹೊಳಪಿರಲಿಲ್ಲ. ಶಿಲೀಂಧ್ರವಲ್ಲವೆಂದು ತೀರ್ಮಾನಿಸಿ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸ್ಟೀರಾಯ್ಡ್ ಪ್ರೆಡ್ನಿಸೋಲೋನ್ ಬರೆದುಕೊಟ್ಟೆ.

ಹತ್ತು ದಿನಗಳಲ್ಲಿ ಹಕ್ಕಳೆ ಕಣ್ಣಿನ ಸುತ್ತಲೂ ಹಬ್ಬಿತು.

ಮತ್ತೆ ಬಂದಾಗ ತೋಟದ ಯಜಮಾನಿ ತಮ್ಮ ಮುಂಗೈ ಚಾಚಿದರು. ಕೆಂಪು ಅಂಚಿನ, ದುಂಡನೆಯ ಗಜಕರ್ಣ. "ಹೆಗ್ಗಣದ ಬಿಲ ಕಂಡರೆ ಸಾಕು ಡಾಕ್ಟರೇ, ಮೂತಿ ತೂರಿಸಿ ಕೆದಕುತ್ತಲೇ ಇರುತ್ತಾನೆ. ಅವನ ಮುಖ ತೊಳೆಯುವವಳು ನಾನೇ" ಎಂದರು. ಈ ಮಾತನ್ನು ಮೊದಲ ದಿನವೇ ಅವರ ಬಾಯಿಂದ ಕೇಳಿಸಿಕೊಳ್ಳಬೇಕಿತ್ತು. ನಾನು ಕೇಳಿರಲಿಲ್ಲ.

ಇಲಿ, ಹೆಗ್ಗಣಗಳ ಮೈಮೇಲೂ ಬಿಲದಲ್ಲೂ ಇರುವ ಟ್ರೈಕೋಫೈಟಾನ್ ಶಿಲೀಂಧ್ರ ನಾಯಿಯ ಮೂತಿಗೆ ಹತ್ತಿದರೆ ಅದೂ ಚರ್ಮಕೋಶಗಳ ಬೆಸುಗೆ ಬಿಡಿಸಬಲ್ಲದು. ಆಗ ಗಾಜಿನ ಪಟ್ಟಿಯ ಮೇಲೆ ಪೆಂಫಿಗಸ್‌ನ ಚಿತ್ರವೇ ಮೂಡುತ್ತದೆ. ಅದು ವುಡ್ಸ್ ದೀಪಕ್ಕೆ ಹೊಳೆಯುವುದೂ ಇಲ್ಲ; ನಾಯಿಗಳಲ್ಲಿ ಸಾಮಾನ್ಯವಾಗಿ ಹೊಳೆಯುವುದು ಮೈಕ್ರೋಸ್ಪೋರಮ್ ಕ್ಯಾನಿಸ್, ಆ ಶಿಲೀಂಧ್ರದಲ್ಲೂ ಎಲ್ಲ ತಳಿಗಳಲ್ಲ. ಕಣ್ಣೆದುರಿಗಿದ್ದ ಸುಳಿವು ಬೇರೆಯೇ ಇತ್ತು. ಪೆಂಫಿಗಸ್ ಸಾಮಾನ್ಯವಾಗಿ ಮುಖದ ಎರಡೂ ಬದಿಗೆ, ಕಿವಿಗಳಿಗೆ, ಕೆಲವೊಮ್ಮೆ ಅಂಗಾಲಿನ ಮೆತ್ತೆಗಳಿಗೆ ಸಮನಾಗಿ ಬರುತ್ತದೆ. ಕಾಳನಿಗೆ ಇದ್ದದ್ದು ಒಂದೇ ಬದಿಯಲ್ಲಿ.

ಸ್ಟೀರಾಯ್ಡ್ ನಿಲ್ಲಿಸಿ, ಪ್ರಯೋಗಾಲಯಕ್ಕೆ ಕಳಿಸಲು ಚರ್ಮದ ಚೂರನ್ನು (ಬಯಾಪ್ಸಿ) ತೆಗೆದೆ. ಇಲ್ಲಿ ಒಂದು ವಿಷಯವನ್ನು ಯುವ ಸಹೋದ್ಯೋಗಿಗಳಿಗೆ ಒತ್ತಿ ಹೇಳುತ್ತೇನೆ: ಆ ಜಾಗವನ್ನು ಉಜ್ಜಿ ತೊಳೆಯಬೇಡಿ. ಶಿಲೀಂಧ್ರದ ಎಳೆಗಳು ಅಡಗಿರುವುದು ಹಕ್ಕಳೆಯಲ್ಲಿಯೇ. ಅದು ಉದುರಿದರೆ ಅದನ್ನೂ ಅದೇ ಡಬ್ಬಿಗೆ ಹಾಕಿ ಕಳಿಸಿ. ಪ್ರಯೋಗಾಲಯದವರು ಚೂರಿಗೆ ಹಾಕುವ ಮಾಮೂಲಿ ಬಣ್ಣದಲ್ಲಿ ಎಳೆಗಳು ಕಣ್ತಪ್ಪಬಹುದು. ಶಿಲೀಂಧ್ರದ ಶಂಕೆಯಿದೆ, ಎಳೆಗಳನ್ನು ಎತ್ತಿ ತೋರಿಸುವ ಪಿಎಎಸ್ ಬಣ್ಣ ಹಾಕಿ ನೋಡಿ ಎಂದು ಚೀಟಿಯಲ್ಲಿ ಬರೆದಿದ್ದೆ. ಎಳೆಗಳು ಕಂಡವು.

ಜೊತೆಗೆ ಅಂಚಿನ ಕೂದಲನ್ನು ಕಿತ್ತು ಚರ್ಮದ ಶಿಲೀಂಧ್ರ ಬೆಳೆದರೆ ಕೆಂಪಾಗುವ ಡಿಟಿಎಂ ಎಂಬ ಮಾಧ್ಯಮದ ಮೇಲೆ ಬೆಳೆಸಲು ಇಟ್ಟೆ. ಅದನ್ನು ದಿನವೂ ನೋಡಲೇಬೇಕು. ಚರ್ಮದ ಶಿಲೀಂಧ್ರವಾದರೆ ಬಿಳುಪು ಬೆಳವಣಿಗೆಯೂ ಕೆಂಪು ಬಣ್ಣವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಗಾಳಿಯಿಂದ ಬಿದ್ದ ಬೂಷ್ಟು ಮೊದಲು ಚೆನ್ನಾಗಿ ಬೆಳೆದು, ಎಷ್ಟೋ ದಿನಗಳ ಮೇಲೆ ಕೆಂಪಾಗಿಸುತ್ತದೆ. ವಾರ ಬಿಟ್ಟು ನೋಡಿದವರಿಗೆ ಎರಡೂ ಒಂದೇ. ಬಣ್ಣ ಬದಲಾದ ಮೇಲೂ ಬೆಳೆದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಟ್ರೈಕೋಫೈಟಾನ್ ಎಂದು ಖಚಿತಪಡಿಸಿಕೊಂಡೆ.

ಯಜಮಾನಿಯನ್ನು ಚರ್ಮವೈದ್ಯರ ಬಳಿ ಕಳಿಸಿದೆ. ಕಾಳನಿಗೆ ಶಿಲೀಂಧ್ರನಾಶಕ ಇಟ್ರಾಕೊನಜೋಲ್ ಶುರು ಮಾಡಿ, ಮುಟ್ಟುವಾಗ ಕೈಗವಸು ಹಾಕಲು ಹೇಳಿದೆ. ಹಕ್ಕಳೆ ಉದುರಿದ ಮೇಲೂ ಮಾತ್ರೆ ನಿಲ್ಲಿಸಲಿಲ್ಲ; ಮರುಪರೀಕ್ಷೆಯಲ್ಲಿ ಎರಡು ಬಾರಿ ಏನೂ ಬೆಳೆಯದಿರುವವರೆಗೆ ಕಾದೆವು.

ಈಗ ಅವನು ಗುಣವಾಗಿದ್ದಾನೆ. ಮೂತಿಯ ಮೇಲೆ ಎರಡು ಬೆರಳಗಲದ ಜಾಗದಲ್ಲಿ ಮಾತ್ರ ಕಲೆ ಉಳಿದಿದೆ, ಅಲ್ಲಿ ಕೂದಲು ಮತ್ತೆ ಬರಲಿಲ್ಲ.